ಕೊರಿಯನ್‌ನಲ್ಲೂ ‘ನಾ’ ಅಂದರೆ ನಾನೇ ಅಂತೆ! ಬೇರೆ ಭಾಷೆಗಳಲ್ಲಿ ಏನು?

ಕಿವಿಗೊಟ್ಟವ:
ನಿನ್ನೆ ರಾತ್ರಿ ಒಂದು ಕೊರಿಯನ್ ಧಾರಾವಾಹಿ ನೋಡುತ್ತಾ ಕೂತಿದ್ದೆ. ಕೆಳಗೆ ಬರುವ ಸಾಲು ಓದಿ ಓದಿ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಯಾರೋ ಬೆರಳು ತೋರಿಸಿ ಏನೋ ಅಂದರು. ಆ ಹುಡುಗಿ ಎದೆ ಮೇಲೆ ಕೈಯಿಟ್ಟು ‘ನಾ?’ ಅಂದಳು. ನಿದ್ದೆ ಹಾರಿಹೋಯಿತು. ಹಿಂದೆ ಓಡಿಸಿ ಮತ್ತೆ ಕೇಳಿದೆ. ‘ನಾ’ ಅಂತಲೇ ಅಂದಿದ್ದಾಳೆ. ಅರ್ಥವೂ ‘ನಾನಾ?’ ಅಂತಲೇ.

ಆಮೇಲೆ ಮಲಗಲಿಲ್ಲ. ಈ ಒಂದಕ್ಷರದ ‘ನಾ’ ಎಲ್ಲೆಲ್ಲಿದೆ ಅಂತ ಹುಡುಕುತ್ತಾ ಕೂತೆ. ಹಿಂದಿಯಲ್ಲಿ ಬೇಡ ಅನ್ನುವುದಕ್ಕೂ ‘ನಾ’, ‘ಹೌದಲ್ವಾ’ ಅನ್ನುವುದಕ್ಕೂ ಕೊನೆಗೊಂದು ‘ನಾ’. ರಷ್ಯನ್‌ನಲ್ಲಿ ‘ಮೇಲೆ’. ಸ್ವಾಹಿಲಿಯಲ್ಲಿ ‘ಮತ್ತು’. ಜರ್ಮನ್‌ನಲ್ಲಿ ‘ಆಮೇಲೆ’. ಹವಾಯಿ ಭಾಷೆಯಲ್ಲಿ ಬಹುವಚನದ ಗುರುತು. ಒಂದೇ ಅಕ್ಷರ, ಒಂದೊಂದು ಕಡೆ ಒಂದೊಂದು ಕೆಲಸ. ನಿಮಗೆ ಗೊತ್ತಿರುವುದನ್ನೂ ಸೇರಿಸಿ. ಶರತ್ತು ಒಂದೇ: ಬರೀ ‘ನಾ’ ಇರಬೇಕು, ಹಿಂದೆ ಮುಂದೆ ಬಾಲ ಇರಬಾರದು.

ಪದಗಳ್ಳಿ:
ಅಷ್ಟು ದೂರ ಯಾಕೆ ಹೋಗುತ್ತೀರಿ? ಪಕ್ಕದಲ್ಲೇ ನೋಡಿ.

ಹಾಸ್ಟೆಲಿನಲ್ಲಿ ನನ್ನ ಜೊತೆ ತೆಲುಗಿನವಳೊಬ್ಬಳು ಇದ್ದಳು. ಮೊದಲ ವಾರ ಮೇಜಿನ ಮೇಲಿದ್ದ ಒಂದು ಪುಸ್ತಕ ಎತ್ತಿಕೊಂಡೆ. ‘ಅದಿ ನಾ ಪುಸ್ತಕಂ’ ಅಂದಳು. ನನಗೆ ಕೇಳಿಸಿದ್ದು ‘ಅದು, ನಾನು, ಪುಸ್ತಕ’. ಇವಳೇನು ತಾನೇ ಪುಸ್ತಕ ಅನ್ನುತ್ತಿದ್ದಾಳಾ ಅಂತ ಒಂದು ಕ್ಷಣ ಗೊಂದಲ. ತೆಲುಗಿನಲ್ಲಿ ‘ನಾ’ ಅಂದರೆ ‘ನನ್ನ’. ‘ನಾನು’ ಅನ್ನಲು ‘ನೇನು’ ಬೇಕು.

ತಮಿಳಿನಲ್ಲಿ ಬರಹದ ‘ನಾ’ ಅಂದರೆ ನಾಲಗೆ. ನಮ್ಮ ನಾಲಗೆಯ ‘ನಾ’ ಕೂಡ ಅದೇ ಕುಲದ್ದು. ಮಾತಿನಲ್ಲಿ ಮಾತ್ರ ‘ನಾನ್’ ಅನ್ನುವುದರ ಕೊನೆಯ ನಕಾರ ಮೂಗಿಗೆ ಹೋಗಿ ‘ನಾಂ’ ಅಂತ ಕೇಳಿಸುತ್ತದೆ. ಅದು ‘ನಾನು’. ಕೊಂಕಣಿಯಲ್ಲಿ ‘ನಾ’ ಅಂದರೆ ‘ಇಲ್ಲ’.

ಈಗ ಯೋಚಿಸಿ. ‘ಯಾರು ಬರುತ್ತೀರಿ?’ ಅಂತ ಕೇಳಿದಾಗ ಒಬ್ಬರು ‘ನಾ’ ಅಂದರು. ಕನ್ನಡದವರಾದರೆ ಹೆಸರು ಬರೆದುಕೊಳ್ಳಬೇಕು. ಕೊಂಕಣಿಯವರಾದರೆ ಹೊಡೆದುಹಾಕಬೇಕು.

ಗಡಿದಾಟು:
ಕಿವಿಗೊಟ್ಟವರೇ, ಒಂದು ತಿದ್ದುಪಡಿ. ಜರ್ಮನ್‌ನಲ್ಲಿ ‘ಆಮೇಲೆ’ ಅನ್ನುವುದು ‘ನಾಖ್’. ಬಾಲ ಇಲ್ಲದ ‘ನಾ’ ಅದೇ ಅರ್ಥದಲ್ಲಿ ಇರುವುದು ಡಚ್‌ನಲ್ಲಿ. ಜರ್ಮನರ ‘ನಾ’ ಬೇರೆ. ಗೆಳೆಯ ಎದುರು ಸಿಕ್ಕರೆ ಬರೀ ‘ನಾ?’ ಅನ್ನುತ್ತಾರೆ. ನಮ್ಮ ‘ಏನಪ್ಪಾ?’ ಇದ್ದ ಹಾಗೆ. ಅವನೂ ತಿರುಗಿ ‘ನಾ?’ ಅಂದರೆ ಕುಶಲೋಪರಿ ಮುಗಿಯಿತು.

ರಷ್ಯನ್ ಬಗ್ಗೆ ನೀವು ಅರ್ಧ ಹೇಳಿದಿರಿ. ‘ನಾ ಸ್ತೊಲೆ’ ಅಂದರೆ ಮೇಜಿನ ಮೇಲೆ, ನಿಜ. ಆದರೆ ಕೈ ಚಾಚಿ ಬರೀ ‘ನಾ!’ ಅಂದರೆ ‘ತಗೋ!’ ಅಂತ. ತಮಾಷೆ ಅಂದರೆ ಚೀನಿಯಲ್ಲೂ ದನಿ ಏರಿಸಿ ‘ನಾ’ ಅಂದರೆ ತೆಗೆದುಕೊಳ್ಳುವುದು, ಹಿಡಿಯುವುದು. ಎರಡಕ್ಕೂ ಯಾವ ನಂಟೂ ಇಲ್ಲ.

ಪೋರ್ಚುಗೀಸ್‌ನದು ನನಗೆ ಇಷ್ಟದ ‘ನಾ’. ಅದು ಒಂದು ಪದವೇ ಅಲ್ಲ, ಎರಡು ಪದಗಳ ಅವಶೇಷ. ‘ಒಳಗೆ’ ಅನ್ನುವ ‘ಎಂ’ ಮತ್ತು ಸ್ತ್ರೀಲಿಂಗದ ಗುರುತು ‘ಆ’ ಸೇರಿ, ಸವೆದು, ‘ನಾ’ ಆಗಿದೆ. ಪುಲ್ಲಿಂಗಕ್ಕೆ ‘ಆ’ ಬದಲು ‘ಓ’ ಬಂದು ‘ನೋ’ ಆಗುತ್ತದೆ. ಹಾಗಾಗಿ ಬ್ರೆಜಿಲ್‌ನಲ್ಲಿ ಇಂಗ್ಲಿಷ್ ಬಲ್ಲವರಿಗೆ ಎಲ್ಲ ಫಲಕಗಳ ಮೇಲೂ ‘ನೋ, ನೋ’ ಕಾಣಿಸುತ್ತದೆ. ಯಾರೂ ಏನನ್ನೂ ಬೇಡ ಅಂದಿರುವುದಿಲ್ಲ.

ಇನ್ನಷ್ಟು ಬೇಗ ಬೇಗ ಹೇಳಿಬಿಡುತ್ತೇನೆ. ಅರ್ಮೇನಿಯನ್‌ನಲ್ಲಿ ‘ನಾ’ ಅಂದರೆ ಅವನು ಅಥವಾ ಅವಳು. ವೆಲ್ಶ್‌ನಲ್ಲಿ ‘ಇಲ್ಲ’. ಟಗಾಲೊಗ್‌ನಲ್ಲಿ ‘ಆಗಲೇ’. ಗ್ರೀಕ್‌ನಲ್ಲಿ ‘ಅಗೋ ನೋಡು!’. ಅರಬ್ಬಿಯಲ್ಲಿ ಪದದ ಕೊನೆಗೆ ‘ನಾ’ ಬಂದರೆ ‘ನಮ್ಮ’: ‘ಬೈತುನಾ’ ಅಂದರೆ ನಮ್ಮ ಮನೆ. (ಬಾಲ ಇರಬಾರದು ಅಂದಿದ್ದಿರಿ. ಇಲ್ಲಿ ‘ನಾ’ನೇ ಬಾಲ, ಅದಕ್ಕೆ ಸೇರಿಸಿದೆ.) ನೈಜೀರಿಯಾದ ಪಿಜಿನ್‌ನಲ್ಲಿ ‘ನಾ ಮಿ’ ಅಂದರೆ ‘ನಾನೇ’. ಅಲ್ಲಿ ‘ನಾ’ ನಮ್ಮ ಒತ್ತಿನ ‘ಏ’ ಮಾಡುವ ಕೆಲಸ ಮಾಡುತ್ತದೆ.

ಹವಾಯಿಗೆ ಜೋಡಿ ಬೇಕಾ? ಐರಿಶ್ ನೋಡಿ. ಅಲ್ಲೂ ಬಹುವಚನದ ನಾಮಪದದ ಮುಂದೆ ‘ನಾ’ ಬರುತ್ತದೆ. ಒಂದು ಪೆಸಿಫಿಕ್ ಸಾಗರದ ನಡುವೆ, ಇನ್ನೊಂದು ಅಟ್ಲಾಂಟಿಕ್ ದಡದಲ್ಲಿ. ಒಂದೇ ಸದ್ದು, ಒಂದೇ ಜಾಗ, ಒಂದೇ ಕೆಲಸ. ನಂಟು ಮಾತ್ರ ಸೊನ್ನೆ.

ಅರೆಬರೆ:
ರಸಾಯನಶಾಸ್ತ್ರದಲ್ಲಿ ‘ನಾ’ ಅಂದರೆ ಸೋಡಿಯಂ. ನೇಟ್ರಿಯಂ ಅನ್ನುವ ಲ್ಯಾಟಿನ್ ಹೆಸರಿನಿಂದ ಬಂದ ಗುರುತು. ನನಗೆ ಗೊತ್ತಿರುವುದು ಇಷ್ಟೇ.

ಮೂಲಹುಡುಕ:
ಎಲ್ಲರೂ ಕಾಕತಾಳೀಯ, ನಂಟಿಲ್ಲ ಅಂತ ಹೇಳಿಕೊಂಡೇ ಹೋಗುತ್ತಿದ್ದೀರಿ. ಯಾರಾದರೂ ಸರಿಯಾಗಿ ಜೋಡಿಸಿ ನೋಡಿದ್ದೀರಾ?

ಕೊರಿಯನ್: ನಾ ಅಂದರೆ ನಾನು. ‘ನೊ’ ಅಂದರೆ ನೀನು. ‘ಅಪ್ಪಾ’ ಅಂದರೆ ಅಪ್ಪ. ‘ಒಮ್ಮಾ’ ಅಂದರೆ ಅಮ್ಮ. ಚೀನಿಯಲ್ಲಿ ‘ನಿ’ ಅಂದರೆ ನೀನು. ಹೀಬ್ರೂವಿನಲ್ಲಿ ‘ಬೋ’ ಅಂದರೆ ಬಾ. ‘ದಯವಿಟ್ಟು’ ಅನ್ನುವುದಕ್ಕೆ ಅಲ್ಲಿ ‘ನಾ’ ಇದೆ. ‘ಬೋ ನಾ’ ಅಂದರೆ ‘ಬನ್ನಿ, ದಯವಿಟ್ಟು’. ಹಿಂದಿಯಲ್ಲಿ ‘ಆವೋ ನಾ’ ಅಂದ ಹಾಗೇ ಇದೆ.

ನಾನು, ನೀನು, ಅಪ್ಪ, ಅಮ್ಮ, ಬಾ. ಮನುಷ್ಯ ಮೊದಲು ಆಡುವ ಮಾತುಗಳೇ ಇವು. ಇವೇ ಹೊಂದಿಕೊಂಡ ಮೇಲೂ ನಂಟಿಲ್ಲ ಅಂದರೆ ಹೇಗೆ? ನಮ್ಮದೇ ಮೂಲ, ಎಲ್ಲ ಕಡೆ ಹರಡಿದೆ ಅಂತ ಒಪ್ಪಿಕೊಳ್ಳಲು ನಮಗೇ ನಾಚಿಕೆ.

ಹಳೇ ಮೇಷ್ಟ್ರು:
ಮೂಲಹುಡುಕರೇ, ನಿಮ್ಮ ಅನುಮಾನ ಹೊಸದೇನಲ್ಲ. ಕೊರಿಯಾದಲ್ಲಿ ಪಾಠ ಹೇಳುತ್ತಿದ್ದ ಹೋಮರ್ ಹಲ್ಬರ್ಟ್ ಅನ್ನುವ ಅಮೆರಿಕದವರು 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣ ಹೋಲಿಸಿ ಒಂದು ಪುಸ್ತಕ ಬರೆದರು. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿ ಅಂಟಿಕೊಳ್ಳುವುದು, ನಾ, ನೀ, ಎಲ್ಲ ಅವರ ಕಣ್ಣಿಗೂ ಬಿದ್ದಿತ್ತು. ಅಂದರೆ ನಿಮ್ಮನ್ನು ಯಾರೂ ಹುಚ್ಚ ಅನ್ನುತ್ತಿಲ್ಲ. ಆದರೆ ನೂರು ವರ್ಷ ದಾಟಿದರೂ ಭಾಷಾ ವಿದ್ವಾಂಸರು ಆ ನಂಟನ್ನು ಒಪ್ಪಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಅಪ್ಪ ಅಮ್ಮನನ್ನು ಪಕ್ಕಕ್ಕಿಡಿ. ಅವು ಸಾಕ್ಷಿ ಹೇಳಲು ಬರುವುದಿಲ್ಲ. ರೋಮನ್ ಯಾಕೊಬ್ಸನ್ 1960ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದರು. ಮಗುವಿಗೆ ಸುಲಭವಾಗಿ ಬರುವುದು ತುಟಿ ಮುಚ್ಚಿ ಬಿಡುವ ಸದ್ದು: ಮ, ಪ, ಬ. ಬಾಯಲ್ಲಿ ಹಾಲಿರುವಾಗ ಮೂಗಿನಿಂದ ಹೊರಡುವುದು ‘ಮ್ಮ್’. ಮಗು ಸುಮ್ನೆ ತೊದಲುತ್ತದೆ. ಹತ್ತಿರದಲ್ಲಿರುವ ದೊಡ್ಡವರು ‘ನನ್ನನ್ನೇ ಕರೆಯಿತು’ ಅಂದುಕೊಳ್ಳುತ್ತಾರೆ. ಅದು ಎಲ್ಲ ಮನೆಯಲ್ಲೂ ಮತ್ತೆ ಮತ್ತೆ ಹುಟ್ಟುವ ಪದ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಅಂದರೆ ಅಪ್ಪ, ‘ದೇದಾ’ ಅಂದರೆ ಅಮ್ಮ. ಸದ್ದು ಅದೇ, ಅದನ್ನು ತನ್ನದು ಮಾಡಿಕೊಂಡವರು ಬೇರೆ.

ಈಗ ‘ನಾ’. ಇಲ್ಲೇ ಇರುವುದು ನಿಜವಾದ ಪೆಟ್ಟು. ಹಳಗನ್ನಡದಲ್ಲಿ ‘ನಾನು’ ಅನ್ನಲು ‘ಆನ್’ ಅನ್ನುತ್ತಿದ್ದರು. ವಚನಗಳಲ್ಲಿ ‘ಆನು’, ‘ಎನ್ನ’ ಓದಿರುತ್ತೀರಿ. ಹಳೆಯ ತಮಿಳಿನಲ್ಲಿ ‘ಯಾನ್’. ಹಳೆಯ ತೆಲುಗಿನಲ್ಲಿ ‘ಏನು’. ಮೂರರಲ್ಲೂ ಮೊದಲಿಗೆ ನಕಾರ ಇಲ್ಲ. ಮೂಲ ದ್ರಾವಿಡದ ರೂಪ ‘ಯಾನ್’ ಅಂತಿತ್ತು ಅಂತ ಊಹಿಸುತ್ತಾರೆ. ಮುಂದಿನ ನಕಾರ ಆಮೇಲೆ ಬಂದದ್ದು. ‘ನೀನು’, ‘ನಾವು’ ಇವುಗಳ ಸಹವಾಸದಿಂದ ಬಂದಿರಬೇಕು ಅನ್ನುತ್ತಾರೆ. ಮನೆಯಲ್ಲಿ ಎಲ್ಲರೂ ಒಂದೇ ಬಣ್ಣ ಹಾಕಿದರೆ ಉಳಿದವನೂ ಹಾಕಿಕೊಳ್ಳುತ್ತಾನಲ್ಲ, ಹಾಗೆ.

ಅಂದರೆ ಕೊರಿಯನ್ ‘ನಾ’ಗೂ ನಮ್ಮ ‘ನಾ’ಗೂ ಹೊಂದಿಕೆಯಾಗುವ ಅಕ್ಷರವೇ ನಮ್ಮಲ್ಲಿ ಹಳೆಯದಲ್ಲ. ಹಿಂದೆ ಹಿಂದೆ ಹೋದಷ್ಟೂ ನಂಟರು ಹತ್ತಿರ ಬರಬೇಕು. ಇವರು ದೂರ ಸರಿಯುತ್ತಾರೆ.

ಮೂಲಹುಡುಕ:
ಮೇಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಹಾಗಾದರೆ ತಮಿಳು, ತೆಲುಗು, ಕನ್ನಡ ನಂಟರು ಅಂತ ಹೇಗೆ ಒಪ್ಪಿದಿರಿ? ಅಲ್ಲೂ ಪದ ಹೋಲಿಸಿಯೇ ತಾನೇ? ನಮಗೊಂದು ನ್ಯಾಯ, ಕೊರಿಯಾಗೊಂದು ನ್ಯಾಯವಾ?

ಹಳೇ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ತಮಿಳಿನ ಪಲ್, ಪುಲಿ, ಪಾಂಬು, ಪೆಯರ್ ತೆಗೆದುಕೊಳ್ಳಿ. ಕನ್ನಡದಲ್ಲಿ ಹಲ್ಲು, ಹುಲಿ, ಹಾವು, ಹೆಸರು. ಒಂದು ಪದದಲ್ಲಿ ಪಕಾರಕ್ಕೆ ಹಕಾರ ಬಂದರೆ ಆಕಸ್ಮಿಕ. ಸಾಲು ಸಾಲಾಗಿ ಬಂದರೆ ಅದು ನಿಯಮ. ಜೊತೆಗೆ ಹಳಗನ್ನಡ ತೆರೆದರೆ ಪಲ್, ಪುಲಿ, ಪಾವು, ಪೆಸರ್ ಅಂತ ನಮ್ಮಲ್ಲೇ ಪಕಾರ ಕೂತಿದೆ. ಇನ್ನೊಂದು ಸಾಲು: ನಮ್ಮ ಕಿವಿ, ತಮಿಳಿನ ಸೆವಿ. ನಮ್ಮ ಕೇರಿ, ತಮಿಳಿನ ಸೇರಿ. ಇಕಾರ, ಎಕಾರದ ಮುಂದೆ ನಮ್ಮ ಕಕಾರ ಗಟ್ಟಿಯಾಗಿ ಉಳಿಯಿತು, ಅವರದು ಮೆತ್ತಗಾಯಿತು.

ಗಮನಿಸಿ, ಇಲ್ಲಿ ನಂಟು ಸಾಬೀತು ಮಾಡಿದ್ದು ಪದಗಳು ಒಂದೇ ಥರ ಇರುವುದಲ್ಲ. ಬೇರೆ ಬೇರೆ ಆಗಿರುವುದರಲ್ಲೇ ಒಂದು ಲೆಕ್ಕ ಇದೆ, ಅದು. ಕೊರಿಯನ್ ಜೊತೆ ಅಂಥ ಸಾಲು ಹಾಕಿ ತೋರಿಸಿ, ಮೊದಲು ಕೈ ಎತ್ತುವವನು ನಾನೇ.

ಲೆಕ್ಕದವಳು:
ನನಗೆ ಭಾಷೆ ಅಷ್ಟಾಗಿ ಗೊತ್ತಿಲ್ಲ. ಆದರೆ ಒಂದಕ್ಷರದ ಪದಗಳು ಡಿಕ್ಕಿ ಹೊಡೆಯದೆ ಇರಲು ಜಾಗ ಎಲ್ಲಿದೆ? ಸುಮ್ನೆ ಒಂದು ಲೆಕ್ಕ ಹಾಕಿದೆ.

ಒಂದು ಭಾಷೆಯಲ್ಲಿ 15 ವ್ಯಂಜನ, 5 ಸ್ವರ ಇವೆ ಅಂದುಕೊಳ್ಳಿ. ಒಂದು ವ್ಯಂಜನ, ಒಂದು ಸ್ವರ ಸೇರಿಸಿದರೆ 75 ಅಕ್ಷರ. ‘ನಾನು’ ಅನ್ನುವುದಕ್ಕೆ ಆ 75ರಲ್ಲಿ ಕಣ್ಣು ಮುಚ್ಚಿ ಒಂದನ್ನು ಎತ್ತಿದರೆ ‘ನಾ’ ಬರುವ ಸಾಧ್ಯತೆ 75ರಲ್ಲಿ 1. ಪ್ರಪಂಚದಲ್ಲಿ ಸುಮಾರು 7000 ಭಾಷೆ ಇವೆ ಅನ್ನುತ್ತಾರೆ. 7000 ಭಾಗಿಸು 75, ಹತ್ತಿರ ಹತ್ತಿರ 93. ಯಾವ ನಂಟೂ ಇಲ್ಲದೆ, ಬರೀ ಅದೃಷ್ಟದಿಂದಲೇ 93 ಭಾಷೆಗಳಲ್ಲಿ ‘ನಾ’ ಅಂದರೆ ನಾನು ಆಗಿಬಿಡುತ್ತದೆ.

ನಿಜವಾದ ಭಾಷೆ ಹೀಗೆ ಚೀಟಿ ಎತ್ತುವುದಿಲ್ಲ, ಗೊತ್ತು. ಎಲ್ಲ ಭಾಷೆಯಲ್ಲೂ ‘ನಾನು’ ಅನ್ನುವುದು ಒಂದೇ ಅಕ್ಷರವೂ ಅಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿ. ನಕಾರವಾಗಲಿ ಆಕಾರವಾಗಲಿ ಇಲ್ಲದ ಭಾಷೆ ಸಿಗುವುದೇ ಅಪರೂಪ. ಎರಡೂ ಬಾಯಿಗೆ ಸುಲಭ. ಹವಾಯಿ ಭಾಷೆಯಲ್ಲಿ ಇರುವುದೇ 8 ವ್ಯಂಜನ, 5 ಸ್ವರ. ಅದರಲ್ಲೂ ನಕಾರ ಇದೆ. ಹಾಗಾಗಿ ‘ನಾ’ ಅನ್ನುವ ಕುರ್ಚಿ ಖಾಲಿ ಇರುವುದೇ ಇಲ್ಲ. ಎಲ್ಲ ಭಾಷೆಯಲ್ಲೂ ಯಾರೋ ಒಬ್ಬರು ಬಂದು ಕೂತಿರುತ್ತಾರೆ.

ಮೂಲಹುಡುಕರ ಪಟ್ಟಿಯಲ್ಲಿ ಇನ್ನೊಂದು ಕಂಡೆ. ‘ನಾ’ ಬೇಕು ಅಂತ ಹೊರಟವರು ‘ನೊ’ನೂ ಸೇರಿಸಿಕೊಂಡರು, ‘ಬಾ’ಗೆ ‘ಬೋ’ ಸಾಕು ಅಂದರು. ಬಲೆ ದೊಡ್ಡದು ಮಾಡಿದರೆ ಮೀನು ಜಾಸ್ತಿ ಬೀಳುತ್ತವೆ, ಅಲ್ವಾ?

ಪದಗಳ್ಳಿ:
ಲೆಕ್ಕದವಳೇ, ಇದಕ್ಕೆ ಒಂದಕ್ಷರವೇ ಬೇಕು ಅಂತಿಲ್ಲ. ಪರ್ಷಿಯನ್‌ನಲ್ಲಿ ‘ಬದ್’ ಅಂದರೆ ಕೆಟ್ಟದ್ದು. ಇಂಗ್ಲಿಷ್‌ನಲ್ಲಿ ‘ಬ್ಯಾಡ್’. ಈ ಎರಡು ಭಾಷೆ ದೂರದ ನಂಟರೇ. ಆದರೂ ಈ ಎರಡು ಪದಕ್ಕೆ ನಂಟಿಲ್ಲ.

ಇನ್ನೂ ಒಳ್ಳೆಯದು ಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಮಬಾಬರಮ್ ಅಂತ ಒಂದು ಮೂಲನಿವಾಸಿ ಭಾಷೆ ಇತ್ತು. 1960ರ ದಶಕದಲ್ಲಿ ಡಿಕ್ಸನ್ ಅನ್ನುವ ಭಾಷಾ ವಿದ್ವಾಂಸರು ಅದನ್ನು ಬರೆದುಕೊಳ್ಳಲು ಹೋದರು. ನಾಯಿಗೆ ಏನಂತೀರಿ ಅಂತ ಕೇಳಿದರು. ‘ಡಾಗ್’ ಅಂದರಂತೆ. ಇಂಗ್ಲಿಷ್ ಬೇಡ, ನಿಮ್ಮ ಭಾಷೆಯಲ್ಲಿ ಹೇಳಿ ಅಂದರೂ ಅದೇ ಉತ್ತರ. ಆಮೇಲೆ ತಿಳಿಯಿತು, ಅದು ನಿಜಕ್ಕೂ ಅವರದೇ ಪದ. ಪಕ್ಕದ ಯಿದಿನ್ ಭಾಷೆಯಲ್ಲಿ ನಾಯಿಗೆ ‘ಗುದಗ’ ಅನ್ನುತ್ತಾರೆ. ಮಬಾಬರಮ್‌ನಲ್ಲಿ ಪದದ ಮೊದಲಕ್ಷರ ಬಿದ್ದುಹೋಗುವುದು ರೂಢಿ. ಗುದಗ ಸವೆದು ಸವೆದು ‘ಡಾಗ್’ ಆಗಿ ನಿಂತಿತು.

ಮೇಷ್ಟ್ರು ಹೇಳಿದ್ದರ ಉಲ್ಟಾ ಉದಾಹರಣೆಯೂ ಇದೆ. ಅರ್ಮೇನಿಯನ್‌ನಲ್ಲಿ ಎರಡಕ್ಕೆ ‘ಎರ್ಕು’. ಕೇಳಿದ ತಕ್ಷಣ ನಮಗೆ ‘ಎರಡು’ ನೆನಪಾಗುತ್ತದೆ, ಅಲ್ವಾ? ಸುಳ್ಳು ನಂಟು. ಅದರ ನಿಜವಾದ ಒಡಹುಟ್ಟಿದವರು ಸಂಸ್ಕೃತದ ‘ದ್ವೌ’, ಇಂಗ್ಲಿಷ್‌ನ ‘ಟೂ’. ಮುಖ ನೋಡಿದರೆ ಯಾರೂ ಒಪ್ಪುವುದಿಲ್ಲ. ಆದರೆ ಹಳೆಯ ‘ದ್ವ’ ಇದ್ದ ಕಡೆ ಅರ್ಮೇನಿಯನ್‌ನಲ್ಲಿ ‘ರ್ಕ’ ಬರುವುದು ಬೇರೆ ಪದದಲ್ಲೂ ಸಿಕ್ಕಿದೆ. ಅದಕ್ಕೇ ಒಪ್ಪಲೇಬೇಕಾಯಿತು.

ಮೂಲಹುಡುಕ:
ಎರ್ಕು ನನ್ನ ಪಟ್ಟಿಯಲ್ಲಿ ಇತ್ತು. ಈಗ ಹೊಡೆದುಹಾಕಿದೆ.

ತಕರಾರಿ:
ನನಗೆ ಈ ಚರ್ಚೆಯ ಬುಡದಲ್ಲೇ ತಕರಾರಿದೆ. ನೀವೆಲ್ಲ ಕನ್ನಡ ಲಿಪಿಯಲ್ಲಿ ‘ನಾ’ ಅಂತ ಬರೆದ ಕೂಡಲೇ ಎಲ್ಲವೂ ಒಂದೇ ಆಗಿಬಿಡುತ್ತವೆ. ಅವು ಒಂದಲ್ಲ. ಐರಿಶ್‌ನ ‘ನಾ’ ಗಿಡ್ಡ, ‘ನ’ ಅಂತ ನಾಲಗೆ ಮೇಲೆ ನಿಲ್ಲುವುದೇ ಇಲ್ಲ. ರಷ್ಯನ್‌ನಲ್ಲಿ ನಮ್ಮ ಹಾಗೆ ದೀರ್ಘ, ಹ್ರಸ್ವ ಅನ್ನುವ ಭೇದವೇ ಇಲ್ಲ.

ಥಾಯ್ ಭಾಷೆಗೆ ಬಂದರೆ ನಿಮ್ಮ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ದನಿ ಸಮವಾಗಿಟ್ಟು ‘ನಾ’ ಅಂದರೆ ಗದ್ದೆ. ಮೇಲಿಂದ ಇಳಿಸಿದರೆ ಮುಖ. ಕೆಳಗಿಂದ ಏರಿಸಿದರೆ ದಪ್ಪ. ಎತ್ತರದಲ್ಲೇ ಹಿಡಿದರೆ ತಾಯಿಯ ತಮ್ಮ ಅಥವಾ ತಂಗಿ. ಅವರ ಕಿವಿಗೆ ಇವು ನಾಲ್ಕು ಪದ. ನಮ್ಮ ಕಿವಿ ಚಪ್ಪಟೆ, ಅದಕ್ಕೆ ಒಂದೇ ಕೇಳಿಸುತ್ತದೆ. ಅವರು ತಿರುಗಿ ‘ಕನ್ನಡದಲ್ಲಿ ಹಳಿ, ಹಳ್ಳಿ, ಹಲ್ಲಿ ಎಲ್ಲ ಒಂದೇ ತಾನೇ’ ಅಂದರೆ ನಿಮಗೆ ಹೇಗನ್ನಿಸುತ್ತದೆ?

ಚೀನಿಯಲ್ಲೂ ಅದೇ. ಏರಿಸಿದರೆ ‘ತಗೋ’, ತಗ್ಗಿಸಿ ಎತ್ತಿದರೆ ‘ಯಾವ’, ಕೆಳಗೆ ಬಡಿದರೆ ‘ಆ’. ಪ್ರಶ್ನೆಗೂ ಉತ್ತರಕ್ಕೂ ನಡುವೆ ದನಿಯ ಏರಿಳಿತ ಬಿಟ್ಟರೆ ಬೇರೇನೂ ಇಲ್ಲ. ಯೊರುಬಾದಲ್ಲಿ ಎತ್ತರದ ‘ನಾ’ ಅಂದರೆ ಖರ್ಚು ಮಾಡು, ತಗ್ಗಿನ ‘ನಾ’ ಅಂದರೆ ಹೊಡೆ.

ಕಿವಿಗೊಟ್ಟವ:
ಒಪ್ಪಿದೆ. ‘ನಾ’ ಅಂತ ಬರೆದಿರುವುದನ್ನೆಲ್ಲ ‘ಕನ್ನಡದ ಕಿವಿಗೆ ನಾ ಅಂತ ಕೇಳಿಸುವುದು’ ಅಂತ ಓದಿಕೊಳ್ಳಿ. ಅಂದಹಾಗೆ ನಿನ್ನೆ ಇನ್ನೊಂದು ಕಂತು ನೋಡಿದೆ. ಕೊರಿಯನ್‌ನವರು ‘ಹೌದು’ ಅನ್ನಲು ‘ನೆ’ ಅನ್ನುತ್ತಾರೆ ಅಂತ ಓದಿದ್ದೆ. ನನಗೆ ಅರ್ಧ ಸಲ ‘ದೆ’ ಅಂತಲೇ ಕೇಳಿಸಿತು. ಕಿವಿ ಕೆಟ್ಟಿದೆಯಾ?

ಗಡಿದಾಟು:
ಕಿವಿ ಸರಿಯಾಗಿದೆ. ಈಗಿನ ಕೊರಿಯನ್ ಮಾತಿನಲ್ಲಿ ಪದದ ಮೊದಲಿಗೆ ಬರುವ ನಕಾರ, ಮಕಾರದ ಮೂಗುದನಿ ಕಡಿಮೆಯಾಗುತ್ತಿದೆ. ಹೊರಗಿನವರಿಗೆ ಅದು ದ, ಬ ಥರ ಕೇಳಿಸುತ್ತದೆ. ಅಲ್ಲಿಗೆ ನಿಮ್ಮ ‘ನಾ’ ಕೂಡ ಒಂದು ದಿನ ‘ದಾ’ ಆದರೆ ಆಶ್ಚರ್ಯವಿಲ್ಲ.

‘ನೆ’ ಎತ್ತಿದಿರಲ್ಲ, ಅದಕ್ಕೆ ಇದಕ್ಕಿಂತ ಮಜಾ ಇದೆ. ಗ್ರೀಸ್, ಬಲ್ಗೇರಿಯಾ, ಟರ್ಕಿ ಮೂರೂ ಗಡಿ ಸೇರುವ ಒಂದು ಜಾಗ ಇದೆ. ಅಲ್ಲಿ ಹರಿಯುವ ಒಂದೇ ನದಿಗೆ ಬಲ್ಗೇರಿಯಾದವರು ಮರಿತ್ಸ, ಗ್ರೀಕರು ಎವ್ರೊಸ್, ಟರ್ಕಿಯವರು ಮೆರಿಚ್ ಅನ್ನುತ್ತಾರೆ. ಅದಕ್ಕೆ ಮೂರು ಹೆಸರಾದರೆ, ಒಂದೇ ‘ನೆ’ಗೆ ಮೂರು ಅರ್ಥ. ಗ್ರೀಕ್‌ನಲ್ಲಿ ‘ನೆ’ ಅಂದರೆ ಹೌದು. ಬಲ್ಗೇರಿಯನ್‌ನಲ್ಲಿ ‘ನೆ’ ಅಂದರೆ ಇಲ್ಲ. ಟರ್ಕಿಷ್‌ನಲ್ಲಿ ‘ನೆ’ ಅಂದರೆ ಏನು. ಮೂವರೂ ಅಲ್ಲಿ ಎದುರಾಬದುರಾ ನಿಂತರು ಅಂದುಕೊಳ್ಳಿ. ಮೊದಲನೆಯವನು ಒಪ್ಪುತ್ತಾನೆ, ಎರಡನೆಯವನು ಒಪ್ಪುವುದಿಲ್ಲ, ಮೂರನೆಯವನಿಗೆ ಕೇಳಿಸಿಯೇ ಇಲ್ಲ. ಮೂವರೂ ಆಡಿದ್ದು ಒಂದೇ ಅಕ್ಷರ.

ಅರೆಬರೆ:
ಇದನ್ನು ಓದಿ ನಗು ತಡೆಯಲಾಗಲಿಲ್ಲ. ಆದರೆ ಒಂದು ಅನುಮಾನ. ಇಲ್ಲ ಅನ್ನುವುದಕ್ಕೆ ಎಲ್ಲೆಲ್ಲೂ ನಕಾರವೇ ಯಾಕೆ? ಹಿಂದಿ, ಪರ್ಷಿಯನ್, ಇಂಗ್ಲಿಷ್, ರಷ್ಯನ್, ವೆಲ್ಶ್. ಅದಕ್ಕೇ ‘ನಕಾರ’ ಅನ್ನುವ ಪದಕ್ಕೆ ಬೇಡ ಅನ್ನುವ ಅರ್ಥ ಬಂದಿದ್ದಾ?

ಹಳೇ ಮೇಷ್ಟ್ರು:
‘ನಕಾರ’ದ ಬಗ್ಗೆ ನೀವು ಹೇಳಿದ್ದು ಸರಿ. ಸಂಸ್ಕೃತದ ‘ನ’ ಅಂದರೆ ಇಲ್ಲ, ಬೇಡ. ‘ನ’ ಅನ್ನುವುದೇ ನಕಾರ. ‘ನಾಸ್ತಿಕ’ದಲ್ಲಿರುವುದೂ ‘ನ ಅಸ್ತಿ’, ಅಂದರೆ ಇಲ್ಲ. ನೀವು ಹೇಳಿದ ಐದೂ ಒಂದೇ ಮನೆಯವು, ಇಂಡೋ-ಯುರೋಪಿಯನ್. ಎಲ್ಲಕ್ಕೂ ಬೇರು ಹಳೆಯ ‘ನೆ’. ಅಲ್ಲಿ ನಂಟು ನಿಜ.

ಇಂಗ್ಲಿಷ್‌ನ ‘ನೋ’ ಸಾವಿರ ವರ್ಷದ ಹಿಂದೆ ‘ನಾ’ ಅಂತಲೇ ಇತ್ತು! ‘ನೆ’ ಮತ್ತು ‘ಎಂದೂ’ ಅನ್ನುವ ಅರ್ಥದ ‘ಆ’ ಸೇರಿ ‘ನಾ’. ಆಮೇಲೆ ಆ ಭಾಷೆಯಲ್ಲಿ ಆಕಾರಗಳು ಓಕಾರದ ಕಡೆ ಸರಿದವು. ‘ಸ್ಟಾನ್’ ಹೋಗಿ ‘ಸ್ಟೋನ್’ ಆಯಿತು, ‘ಹಾಮ್’ ಹೋಗಿ ‘ಹೋಮ್’ ಆಯಿತು, ‘ನಾ’ ಹೋಗಿ ‘ನೋ’ ಆಯಿತು. ಮತ್ತೆ ಅದೇ ಮಾತು, ಸಾಲಾಗಿ ಬರಬೇಕು.

ಡೆನ್ಮಾರ್ಕಿನ ಓಟ್ಟೊ ಯೆಸ್ಪರ್ಸನ್ 1917ರಲ್ಲಿ ನಿರಾಕರಣೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಇಷ್ಟವಾಗದ್ದನ್ನು ಕಂಡಾಗ ಮೂಗು ಸಿಂಡರಿಸುತ್ತೇವಲ್ಲ, ಅಲ್ಲಿಂದ ಈ ಮೂಗಿನ ಸದ್ದು ಹುಟ್ಟಿರಬಹುದು ಅಂತ ಅವರ ಊಹೆ. ಕೇಳಲು ಚೆನ್ನಾಗಿದೆ. ಹಂಗೇರಿಯನ್‌ನ ‘ನೆಮ್’, ಜಪಾನಿಯ ‘ನಾಯ್’ ಬೇರೆ ಮನೆಯವಾದರೂ ನಕಾರವೇ. ಆದರೆ ಗ್ರೀಕರೂ ಕೊರಿಯನ್ನರೂ ಅದೇ ಮೂಗಿನಿಂದ ಹೌದು ಅನ್ನುತ್ತಾರೆ. ಚೀನಿಯರು ‘ಬು’ ಅನ್ನುತ್ತಾರೆ. ನಮ್ಮ ಇಲ್ಲ, ಅಲ್ಲ, ಬೇಡ, ಕೂಡದು, ಒಲ್ಲೆ, ಇಷ್ಟರಲ್ಲಿ ಒಂದಕ್ಕೂ ಮೂಗು ಬೇಕಿಲ್ಲ. ನನಗೆ ಆ ಊಹೆ ನಿಲ್ಲುತ್ತದೆ ಅನ್ನಿಸುವುದಿಲ್ಲ.

ಸುಮ್ನೆಓದುವವಳು:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಜಪಾನಿ ಕಲಿಯುತ್ತಿದ್ದೇನೆ, ಅದಕ್ಕೆ ಒಂದು ಸೇರಿಸುತ್ತೇನೆ.

ಅಲ್ಲಿ ‘ನಾ’ ಅಂದರೆ ಹೆಸರು. ಅದು ಸುಲಭ. ಕಷ್ಟ ಇರುವುದು ಕ್ರಿಯಾಪದದ ಹಿಂದೆ ಬರುವ ‘ನಾ’. ‘ಇಕುನಾ’ ಅಂದರೆ ಹೋಗಬೇಡ. ‘ಇಕಿನಾ’ ಅಂದರೆ ಹೋಗು. ನಡುವೆ ಒಂದು ಉಕಾರ, ಇಕಾರದ ವ್ಯತ್ಯಾಸ. ಎರಡನೆಯದು ‘ಇಕಿನಸಾಯ್’ ಅನ್ನುವುದರ ಮೊಟಕು. ಪಾಠದ ಗುಂಪಿನಲ್ಲಿ ಒಬ್ಬರಿಗೆ ‘ಹೋಗಿ ಬಾ’ ಅನ್ನುವ ಭರದಲ್ಲಿ ‘ಇಕುನಾ’ ಅಂದುಬಿಟ್ಟೆ. ಪಾಪ, ಎದ್ದವರು ಮತ್ತೆ ಕೂತರು.

ಗಡಿದಾಟು:
ಸ್ವಾಹಿಲಿಯ ‘ನಾ’ ಯಾರೂ ಬಿಡಿಸಲಿಲ್ಲವಲ್ಲ. ಕಿವಿಗೊಟ್ಟವ ಹೇಳಿದ ಹಾಗೆ ‘ಮತ್ತು’ ಹೌದು. ‘ಜೊತೆ’ ಕೂಡ ಹೌದು. ‘ನಿನಾ ಕಿತಾಬು’ ಅಂದರೆ ‘ನನ್ನ ಹತ್ತಿರ ಪುಸ್ತಕ ಇದೆ’. ಬಿಡಿಸಿದರೆ ‘ನಿ’ ಅಂದರೆ ನಾನು, ‘ನಾ’ ಅಂದರೆ ಜೊತೆ. ನಾನು-ಜೊತೆ ಪುಸ್ತಕ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಹ್ಯಾವ್’ ಅಂತ ಒಂದು ಕ್ರಿಯಾಪದ ಇದೆ. ನಮಗೂ ಇಲ್ಲ, ಅವರಿಗೂ ಇಲ್ಲ. ನಮ್ಮಲ್ಲಿ ಪುಸ್ತಕ ನನ್ನ ‘ಹತ್ತಿರ’ ಇರುತ್ತದೆ, ಅವರಲ್ಲಿ ಅವರು ಪುಸ್ತಕದ ‘ಜೊತೆ’ ಇರುತ್ತಾರೆ.

ಮೂಲಹುಡುಕರೇ, ಅಲ್ಲಿ ‘ನಿ’ ಅಂದರೆ ನಾನು, ಗಮನಿಸಿ. ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲೂ ಕ್ರಿಯಾಪದದ ಮುಂದೆ ‘ನಿ’ ಬಂದರೆ ನಾನು. ನಮ್ಮ ‘ನೀ’ ಚೀನಿಯಲ್ಲಿ ನೀನಾಗಿಯೇ ಉಳಿಯಿತು, ಆಫ್ರಿಕಾದಲ್ಲೂ ಮೆಕ್ಸಿಕೋದಲ್ಲೂ ನಾನಾಯಿತು ಅನ್ನಬೇಕಾಗುತ್ತದೆ.

ಮೂಲಹುಡುಕ:
ಸರಿ ಸರಿ, ಎಲ್ಲರೂ ಸೇರಿ ಒಬ್ಬನ ಮೇಲೆ ಬೀಳಬೇಡಿ. ಕೊರಿಯನ್ ಬಿಟ್ಟೆ ಅಂತ ಹೇಳುವುದಿಲ್ಲ. ಆದರೆ ಮೇಷ್ಟ್ರು ಹೇಳಿದ ಹಾಗೆ ಸಾಲು ಹಾಕಲು ಕೂತಿದ್ದೇನೆ. ಮೂರು ದಿನದಲ್ಲಿ ಒಂದು ಸಾಲೂ ಸಿಕ್ಕಿಲ್ಲ, ಅದೂ ನಿಜ.

ಒಂದು ಕೇಳಲಾ? ಎಲ್ಲ ಭಾಷೆಯಲ್ಲೂ ನಿಜಕ್ಕೂ ಒಂದೇ ಸದ್ದು, ಒಂದೇ ಅರ್ಥ ಇರುವ ಒಂದು ಪದವಾದರೂ ಇದೆಯಾ?

ಪದಗಳ್ಳಿ:
ಹತ್ತಿರ ಬರುವುದು ಒಂದಿದೆ. ಕೇಳಿಸದಿದ್ದಾಗ ‘ಆಂ?’ ಅನ್ನುತ್ತೇವಲ್ಲ, ಅದು. ನೆದರ್ಲೆಂಡ್ಸ್‌ನ ಒಂದು ತಂಡ 2013ರಲ್ಲಿ ಬೇರೆ ಬೇರೆ ಖಂಡಗಳ 10 ಭಾಷೆಗಳ ಮಾತುಕತೆಯ ಧ್ವನಿಮುದ್ರಣಗಳನ್ನು ಕೂತು ಕೇಳಿತು. ಎಲ್ಲದರಲ್ಲೂ ಹೆಚ್ಚು ಕಡಿಮೆ ಅದೇ: ಬಾಯಿ ಅರ್ಧ ತೆರೆದ ಒಂದು ಸ್ವರ, ಪ್ರಶ್ನೆಯ ರಾಗ. 2015ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಅವರು ಕೊಟ್ಟ ಕಾರಣವೂ ಮೂಲದ್ದಲ್ಲ, ಒತ್ತಡದ್ದು. ಎದುರಿನವರು ಕಾಯುತ್ತಿದ್ದಾರೆ, ತಕ್ಷಣ ಏನಾದರೂ ಅನ್ನಬೇಕು, ನಾಲಗೆ ಹೊರಳಿಸಲು ಹೊತ್ತಿಲ್ಲ. ಅಂಥ ಕಡೆ ಎಲ್ಲರ ಬಾಯಿಂದಲೂ ಬರುವುದು ಅದೊಂದೇ. ಶಾರ್ಕ್ ಮೀನೂ ಡಾಲ್ಫಿನ್ನೂ ಒಂದೇ ಆಕಾರ ತಾಳಿದ ಹಾಗೆ. ನೀರು ಒಂದೇ, ಕುಲ ಬೇರೆ.

ತಕರಾರಿ:
ಅದು ಪದವೇ ಅಲ್ಲ ಅನ್ನುವವರೂ ಇದ್ದಾರೆ.

ಪದಗಳ್ಳಿ:
ಆಂ?

ಕಿವಿಗೊಟ್ಟವ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಪಟ್ಟಿ ತಿದ್ದಿಕೊಂಡೆ: ಜರ್ಮನ್ ಜಾಗಕ್ಕೆ ಡಚ್, ಐರಿಶ್‌ಗೆ ‘ಗಿಡ್ಡ’ ಅಂತ ಗುರುತು, ಥಾಯ್‌ಗೆ ನಾಲ್ಕು ಸಾಲು. ಕೊರಿಯನ್ ಪಕ್ಕದಲ್ಲಿ ‘ಆನ್’ ಅಂತ ಬರೆದು ಒಂದು ಕಾಟು ಹಾಕಿದ್ದೇನೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆ ಹುಡುಗಿ ನಮ್ಮ ಕಡೆಯವಳು ಅಂತ ಒಂದು ರಾತ್ರಿ ಅನ್ನಿಸಿತ್ತು.

ತೊದಲುನುಡಿ:
ತಡವಾಗಿ ಬಂದೆ. ನನ್ನ ಮಗಳಿಗೆ ಈಗ ಹದಿನಾಲ್ಕು ತಿಂಗಳು. ಹದಿನೈದು ದಿನದಿಂದ ಏನು ಕೇಳಿದರೂ ‘ನಾ’ ಅನ್ನುತ್ತಾಳೆ. ನಾನು ಅಂತಾನೋ, ಬೇಡ ಅಂತಾನೋ, ಸುಮ್ನೆ ತೊದಲೋ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಇಲ್ಲ.

ಗಡಿದಾಟು:
ಹಾಗೆ ಅನ್ನುವಾಗ ಕೈಯಲ್ಲಿರುವುದನ್ನು ನಿಮ್ಮ ಕಡೆ ಚಾಚುತ್ತಾಳಾ?

ತೊದಲುನುಡಿ:
ಹೌದು! ಆಟದ ಸಾಮಾನು, ಒಂದು ಕಾಲಿನ ಚಪ್ಪಲಿ, ಎಲ್ಲ ತಂದು ಕೈಗೆ ಹಾಕುತ್ತಾಳೆ.

ಗಡಿದಾಟು:
ರಷ್ಯನ್.